ಎಪ್ಪತ್ತೈದನೆಯವರ ಸಂಬಳ

ಅಕ್ಕನ ಮಗಳು ಬಂದಾಗ ಮನೆಯಲ್ಲಿ ಕರೆಂಟ್ ಇರಲಿಲ್ಲ. ಜೂನ್ ತಿಂಗಳ ಮಳೆ ಬೆಳಗಿನಿಂದ ಹಿಡಿದುಕೊಂಡಿತ್ತು. ಕೊಡೆಯನ್ನು ಜಗಲಿಯ ಮೂಲೆಗಿಟ್ಟು, ಬ್ಯಾಗಿನಿಂದ ಎರಡು ಪತ್ರ ತೆಗೆದು ನನ್ನ ಮುಂದೆ ಹರಡಿದಳು. ಎರಡೂ ಎಂಬಿಎ ಸೀಟಿನ ಪತ್ರಗಳು. ಒಂದು ಬೆಂಗಳೂರಿನ ಖಾಸಗಿ ವಿಶ್ವವಿದ್ಯಾಲಯದ್ದು, ಬೋಧನಾ ಶುಲ್ಕ ಪೂರ್ತಿ ಮನ್ನಾ. ಇನ್ನೊಂದು ಹೊರರಾಜ್ಯದ ಹೆಸರುವಾಸಿ ಸಂಸ್ಥೆಯದ್ದು. ಎರಡು ವರ್ಷಕ್ಕೆ ಶುಲ್ಕ 15 ಲಕ್ಷ, ಹಾಸ್ಟೆಲ್ಲು, ಊಟ, ಪುಸ್ತಕ ಎಲ್ಲ ಸೇರಿದರೆ 20. ನಾನು 37 ವರ್ಷ ಬ್ಯಾಂಕಿನಲ್ಲಿ ದುಡಿದವನು, ಅದರಲ್ಲಿ ಹೆಚ್ಚು ಕಾಲ ಸಾಲದ ಮೇಜಿನ ಹಿಂದೆ ಕೂತವನು. ಆ ಸಂಜೆ ನಮ್ಮಿಬ್ಬರ ನಡುವೆ ನಡೆದ ಮಾತನ್ನು ನೆನಪಿದ್ದಷ್ಟು ಇಲ್ಲಿ ಬರೆಯುತ್ತಿದ್ದೇನೆ. ಇಂಥವೇ ಎರಡು ಪತ್ರ ಮುಂದಿಟ್ಟುಕೊಂಡು ಕೂತ ಮನೆಗಳು ಈ ತಿಂಗಳಲ್ಲಿ ಎಷ್ಟೋ ಇರುತ್ತವೆ.

— ಮಾವ, ನಾನು ತೀರ್ಮಾನ ಮಾಡಿ ಆಯ್ತು. ಬೆಂಗಳೂರಿಗೇ ಹೋಗ್ತೀನಿ. ಪುಕ್ಕಟೆ ಓದು ಸಿಗ್ತಾ ಇರೋವಾಗ 20 ಲಕ್ಷ ಯಾಕೆ ಸುರೀಬೇಕು? ಅಪ್ಪಯ್ಯನಿಗೆ ನೀವು ಒಂದು ಮಾತು ಹೇಳಿಬಿಡಿ.

— ತೀರ್ಮಾನ ಆಗಿದ್ರೆ ಎರಡೂ ಪತ್ರ ಯಾಕೆ ತಂದೆ?

— ಸುಮ್ನೆ. ತೋರಿಸೋಣ ಅಂತ.

— ಸರಿ, ನೋಡೋಣ. ಪುಕ್ಕಟೆ ಅಂದ್ಯಲ್ಲ, ಆ ಪತ್ರದ ಎರಡನೇ ಪುಟ ತೆಗಿ. ಕೆಳಗಡೆ ಸಣ್ಣ ಅಕ್ಷರದಲ್ಲಿ ಏನಿದೆ ಓದು.

— ಪ್ರತಿ ಸೆಮಿಸ್ಟರಿನಲ್ಲೂ ಸಿಜಿಪಿಎ 8 ಉಳಿಸ್ಕೋಬೇಕು. ಇಲ್ಲದಿದ್ರೆ ಎರಡನೇ ವರ್ಷದ ಶುಲ್ಕ 5 ಲಕ್ಷ ಕಟ್ಟಬೇಕು. ಹಾಸ್ಟೆಲ್ ಮತ್ತು ಮೆಸ್ಸು ವರ್ಷಕ್ಕೆ 1 ಲಕ್ಷ 80 ಸಾವಿರ, ಅದು ಮನ್ನಾ ಇಲ್ಲ.

— ಅಂದ್ರೆ ಪುಕ್ಕಟೆ ಅಲ್ಲ. ಎಲ್ಲ ಸರಿಹೋದ್ರೆ 3 ಲಕ್ಷ 60 ಸಾವಿರ. ಒಂದು ಸೆಮಿಸ್ಟರ್ ಜ್ವರ ಬಂದು ಮಲಗಿದ್ರೆ 8 ಲಕ್ಷ 60 ಸಾವಿರ. ಅಲ್ಲಿಯವರಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳು. ಹೋದ ವರ್ಷ ಈ ಸ್ಕಾಲರ್‌ಶಿಪ್ ಎಷ್ಟು ಜನಕ್ಕೆ ಕೊಟ್ರಿ, ಎರಡನೇ ವರ್ಷಕ್ಕೆ ಅದು ಎಷ್ಟು ಜನರ ಕೈಯಲ್ಲಿ ಉಳೀತು? ಉತ್ತರ ತಡವರಿಸಿದ್ರೆ ನಿನಗೇ ಗೊತ್ತಾಗುತ್ತೆ.

— ಅಷ್ಟು ದೊಡ್ಡ ಉಪಕಾರ ಮಾಡ್ತಾ ಇರೋರನ್ನ ಹಾಗೆ ಕೇಳೋಕೆ ಮುಜುಗರ ಮಾವ.

— ಉಪಕಾರ ಅಲ್ಲ ಪುಟ್ಟಿ. ನಮ್ಮಪ್ಪ ತೀರ್ಥಹಳ್ಳೀಲಿ ವಾರಾನ್ನ ಮಾಡ್ಕೊಂಡು ಓದಿದ್ರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಅದು ಉಪಕಾರ. ಆ ಮನೆಯವರಿಗೆ ಹುಡುಗನಿಂದ ಏನೂ ಬೇಕಿರಲಿಲ್ಲ. ಇಲ್ಲಿ ನಿನ್ನ ಕ್ಯಾಟ್ ಅಂಕ ಅವರಿಗೆ ಬೇಕು. ನಿನ್ನಂಥವರು ಹತ್ತು ಜನ ತರಗತೀಲಿ ಕೂತ್ರೆ ಅವರ ಸರಾಸರಿ ಏರುತ್ತೆ, ಮುಂದಿನ ವರ್ಷ ದುಡ್ಡು ಕೊಡೋ ಹುಡುಗರು ಬರ್ತಾರೆ. ಅದರಲ್ಲಿ ತಪ್ಪೇನಿಲ್ಲ. ವ್ಯಾಪಾರ ಓದೋಕೆ ಹೊರಟವಳು ನೀನು. ಮೊದಲ ವ್ಯಾಪಾರ ಇದೇ ಅಂದ್ಕೋ. ನೀನು ಕೊಡ್ತಾ ಇರೋದು ಏನು ಅನ್ನೋದು ತಿಳ್ಕೊಂಡು ತಗೋ.

ಅವಳು ಪತ್ರವನ್ನು ಮಡಚಿ ಮತ್ತೆ ಬಿಡಿಸಿದಳು. ಅವಳ ಅಪ್ಪನಿಗೆ ಎರಡೆಕರೆ ಅಡಿಕೆ ತೋಟ. ಎಲೆಚುಕ್ಕಿ ರೋಗ ಬಂದ ಮೇಲೆ ಆ ತೋಟದ ಅರ್ಧ ಹಸಿರು ಕಳೆದುಹೋಗಿದೆ. ಔಷಧಿ ಹೊಡೆಯಲು ಮರ ಹತ್ತುವ ಕೊನೆಗಾರ ಸಿಗುವುದೇ ಕಷ್ಟ, ಸಿಕ್ಕರೆ ಅವನ ಕೂಲಿ ಕೊಡುವುದು ಕಷ್ಟ. ಇವಳು ಬಿಕಾಂ ಓದಿದ್ದು ಶಿವಮೊಗ್ಗದಲ್ಲಿ. ಚಿಕ್ಕವಳಿದ್ದಾಗ ಅಪ್ಪನ ಜೊತೆ ಮಂಡಿಗೆ ಹೋಗಿ, ರಾಶಿ, ಬೆಟ್ಟೆ, ಗೊರಬಲು, ಸರಕು ಎಂದು ದರ್ಜೆವಾರು ಗುಡ್ಡೆ ಹಾಕಿದ್ದನ್ನು ನೋಡಿ, ಒಂದೇ ಮರದ ಕಾಯಿಗೆ ಇಷ್ಟೊಂದು ಬೆಲೆ ಯಾಕೆ ಎಂದು ದಾರಿಯುದ್ದಕ್ಕೂ ಕೇಳುತ್ತಿದ್ದಳಂತೆ. ಎಂಬಿಎ ಹುಚ್ಚು ಹತ್ತಿದ್ದು ಅಲ್ಲಿಂದಲೇ ಎಂದು ನನ್ನ ಲೆಕ್ಕ.

— ಈಗ ಎರಡನೇ ಪತ್ರ. ಇದು ಬೇಡ ಅನ್ನೋಕೆ ಕಾರಣ ಹೇಳು.

— ದುಡ್ಡು. ಅಷ್ಟೇ ಅಲ್ಲ, ನಾನು ಓದಿದೀನಿ ಮಾವ. ಅಮೆರಿಕದಲ್ಲಿ ಸ್ಟೇಸಿ ಡೇಲ್, ಅಲನ್ ಕ್ರೂಗರ್ ಅನ್ನೋ ಇಬ್ಬರು ಅರ್ಥಶಾಸ್ತ್ರಜ್ಞರು 2002ರಲ್ಲಿ ಒಂದು ಪ್ರಬಂಧ ಪ್ರಕಟಿಸಿದ್ರು. 1976ರಲ್ಲಿ ಕಾಲೇಜು ಸೇರಿದ ಹುಡುಗರನ್ನ ಹಿಂಬಾಲಿಸಿ ಮಾಡಿದ್ದು. ದೊಡ್ಡ ಕಾಲೇಜಲ್ಲಿ ಸೀಟು ಸಿಕ್ಕೂ ಸಾಧಾರಣ ಕಾಲೇಜಿಗೆ ಹೋದವರನ್ನ, ದೊಡ್ಡ ಕಾಲೇಜಿಗೇ ಹೋದವರ ಪಕ್ಕ ಇಟ್ಟು ನೋಡಿದ್ರು. ಸುಮಾರು 20 ವರ್ಷ ಆದ ಮೇಲೆ ಇಬ್ಬರ ದುಡಿಮೇಲೂ ಹೇಳಿಕೊಳ್ಳೋ ವ್ಯತ್ಯಾಸ ಇರಲಿಲ್ಲ. ಸೀಟು ಗಿಟ್ಟಿಸಿಕೊಂಡ ಹುಡುಗನ ಶಕ್ತಿಯೇ ಅವನನ್ನ ಮೇಲೆ ತರುತ್ತೆ, ಕಾಲೇಜಿನ ಬೋರ್ಡಲ್ಲ ಅಂತ ಆಯ್ತಲ್ಲ? ನನಗೆ ಅಲ್ಲಿ ಸೀಟು ಸಿಕ್ಕಿದೆ. ಅಷ್ಟು ಸಾಕು.

— ಪೂರ್ತಿ ಓದಿದೀಯಾ?

— ಓದಿದೀನಿ.

— ಹಾಗಾದ್ರೆ ಪೂರ್ತಿ ಹೇಳು. ಎಲ್ಲರಿಗೂ ಹಾಗೇ ಆಗಿತ್ತಾ?

— ಇಲ್ಲ. ಬಡ ಮನೆಗಳಿಂದ ಬಂದವರಿಗೆ ಮಾತ್ರ ದೊಡ್ಡ ಕಾಲೇಜಿನಿಂದ ಲಾಭ ಆಗಿತ್ತು.

— ಯಾಕಂತೆ?

— ಶ್ರೀಮಂತರ ಮಕ್ಕಳಿಗೆ ಪರಿಚಯ, ನಡೆ ನುಡಿ, ಯಾವ ಕಂಪನೀಲಿ ಯಾರನ್ನ ಕೇಳ್ಬೇಕು ಅನ್ನೋದು ಮನೇಲೇ ಸಿಕ್ಕಿರುತ್ತೆ. ಬಡವರ ಮಕ್ಕಳಿಗೆ ಅದು ಸಿಗೋದು ಕಾಲೇಜಲ್ಲೇ ಅಂತ ನನಗನಿಸುತ್ತೆ. ಆದ್ರೆ ಮಾವ, ಅದು ಅವರ ದೇಶದ ಪದವಿ ಓದಿನ ಲೆಕ್ಕ. ಎಂಬಿಎ ಅಲ್ಲ, ಶಿವಮೊಗ್ಗ ಅಲ್ಲ.

— ಒಪ್ಪಿದೆ. ಆದ್ರೆ ನಿನಗೆ ಬೇಕಾದ ಅರ್ಧ ಇಟ್ಕೊಂಡು ಇನ್ನರ್ಧ ಬಿಟ್ಯಲ್ಲ, ಅದನ್ನ ನೋಡ್ಕೋ. ನಿಮ್ಮ ಮನೇಲಿ ಕಂಪನಿ ಮೆಟ್ಟಿಲು ಹತ್ತಿದವರು ಯಾರಿದಾರೆ? ನಾನು ಒಬ್ಬ, ಅದೂ ಬ್ಯಾಂಕು. ಅಂದ್ಮೇಲೆ ಆ ದುಬಾರಿ ಜಾಗ ನಿನ್ನ ಪಕ್ಕದ ಬೆಂಚಿನ ಉದ್ಯಮಿ ಮಗನಿಗಿಂತ ನಿನಗೇ ಹೆಚ್ಚು ಕೊಡಬಹುದು. ಅದನ್ನ ಬೇಡ ಅನ್ನೋ ಮುಂಚೆ ಒಂದು ಸಲ ಯೋಚಿಸು.

— ನೀವು ಸ್ಕಾಲರ್‌ಶಿಪ್ ತಗೋ ಅಂತೀರಿ ಅಂದ್ಕೊಂಡಿದ್ದೆ. ಸಾಲ ಕೊಟ್ಟು ಸಾಕಾದವರು ನೀವು.

— ಸಾಲ ಕೊಟ್ಟು ಸಾಕಾಗಿದೆ ನಿಜ. ದಾವಣಗೆರೆ ಕಡೆ ಒಂದು ಶಾಖೆಯಲ್ಲಿದ್ದಾಗ ಒಬ್ಬ ಹುಡುಗನಿಗೆ 6 ಲಕ್ಷ ಮಂಜೂರು ಮಾಡಿದ್ದೆ. ನೂರಕ್ಕೆ ನೂರು ಕೆಲಸ ಗ್ಯಾರಂಟಿ ಅಂತ ಆ ಕಾಲೇಜಿನ ಪುಸ್ತಕದಲ್ಲಿ ಅಚ್ಚಾಗಿತ್ತು. ಓದು ಮುಗಿದಾಗ ಬಡ್ಡಿ ಸೇರಿ ಏಳೂವರೆ ಲಕ್ಷ, ಕಂತು 13,000 ಚಿಲ್ಲರೆ. ಹುಡುಗನಿಗೆ ಸಿಕ್ಕಿದ್ದು ತಿಂಗಳಿಗೆ 12,000ದ ಸೇಲ್ಸ್ ಕೆಲಸ. ಅವರಪ್ಪ ಪ್ರತಿ ತಿಂಗಳ ಮೊದಲ ಸೋಮವಾರ ಬಂದು, ಪಂಚೆ ಗಂಟಿನಿಂದ ನೋಟು ತೆಗೆದು ಎಣಿಸಿ ಕಟ್ಟೋರು. ಒಂದು ದಿನ ಆ ಹುಡುಗ ಫೋನ್ ಮಾಡಿದ. ಸಾರ್, ಅಪ್ಪನ್ನ ಕೌಂಟರ್ ಹತ್ರ ನಿಲ್ಲಿಸಿ ಕಾಯಿಸಬೇಡಿ, ಕುರ್ಚಿ ಕೊಡಿ ಅಂದ. ಅವತ್ತಿನಿಂದ ಕುರ್ಚಿ ಕೊಟ್ಟೆ. ಅದಕ್ಕಿಂತ ಹೆಚ್ಚಿಗೆ ನನ್ನ ಕೈಲಿ ಏನೂ ಆಗಲಿಲ್ಲ.

— ಅದನ್ನ ಕೇಳಿದ ಮೇಲೂ ನಾನು ಸಾಲ ಮಾಡ್ಲಾ?

— ಲೆಕ್ಕ ಹಾಕದೆ ಮಾಡೋದೂ ಬೇಡ, ಲೆಕ್ಕ ಹಾಕದೆ ಬಿಡೋದೂ ಬೇಡ. ಆ ಪೆನ್ ಕೊಡು.

ಕಾಗದದ ಮೇಲೆ ನಾವು ಹಾಕಿದ ಲೆಕ್ಕ ಇದು. 20 ಲಕ್ಷ ಸಾಲ, ಶೇ 10 ಬಡ್ಡಿ ಎಂದಿಟ್ಟುಕೊಂಡೆವು. ಅರ್ಧ ಹಣ ಮೊದಲ ವರ್ಷದ ಆರಂಭಕ್ಕೆ, ಇನ್ನರ್ಧ ಎರಡನೇ ವರ್ಷದ ಆರಂಭಕ್ಕೆ ಬಿಡುಗಡೆ. ಕಂತು ಶುರುವಾಗುವುದು ಓದು ಮುಗಿದು ಒಂದು ವರ್ಷದ ನಂತರ. ಅಲ್ಲಿಯವರೆಗೆ ಸರಳ ಬಡ್ಡಿ ಓಡುತ್ತಿರುತ್ತದೆ. ಮೊದಲ 10 ಲಕ್ಷಕ್ಕೆ ಮೂರು ವರ್ಷದ ಬಡ್ಡಿ 3 ಲಕ್ಷ, ಎರಡನೆಯದಕ್ಕೆ ಎರಡು ವರ್ಷದ್ದು 2 ಲಕ್ಷ. ಮೊದಲ ಕಂತು ಕಟ್ಟುವ ದಿನ ಸಾಲ 25 ಲಕ್ಷವಾಗಿರುತ್ತದೆ. ಹತ್ತು ವರ್ಷಕ್ಕೆ ಹಂಚಿದರೆ ತಿಂಗಳಿಗೆ 33,000 ದಾಟುವ ಕಂತು. ಕೊನೆಗೆ ಕಟ್ಟಿದ ಒಟ್ಟು ಹಣ 40 ಲಕ್ಷದ ಹತ್ತಿರ. ಅವಳು ಆ ಸಂಖ್ಯೆಯ ಸುತ್ತ ಪೆನ್ನಿನಲ್ಲಿ ವೃತ್ತ ಎಳೆಯುತ್ತ ಸ್ವಲ್ಪ ಹೊತ್ತು ಕೂತಳು.

— ಅಲ್ಲಿ ಸಂಬಳ ಚೆನ್ನಾಗಿದೆ ಮಾವ. ಹೋದ ವರ್ಷ ಸರಾಸರಿ 18 ಲಕ್ಷ.

— ಸರಾಸರಿ ಬಿಡು. ನಾಲ್ಕು ಜನಕ್ಕೆ ವಿದೇಶದಲ್ಲಿ ಕೋಟಿ ರೂಪಾಯಿ ಕೆಲಸ ಸಿಕ್ಕಿದ್ರೆ ಸರಾಸರಿ ಮೇಲೆ ಹೋಗುತ್ತೆ. ತರಗತೀಲಿ ನೂರು ಜನ ಇದಾರೆ ಅಂದ್ಕೋ. ಹೆಚ್ಚು ಸಂಬಳದವರಿಂದ ಶುರುಮಾಡಿ ಸಾಲಾಗಿ ನಿಲ್ಲಿಸು. ಐವತ್ತನೆಯವರ ಸಂಬಳ ಎಷ್ಟು?

— ಮೀಡಿಯನ್ ಅಂತಾರೆ ಅದಕ್ಕೆ. 16 ಲಕ್ಷ ಅಂತಿದೆ.

— ಎಪ್ಪತ್ತೈದನೆಯವರದ್ದು?

— ಅದೂ ಇದೆ. ಅವರ ಪ್ಲೇಸ್‌ಮೆಂಟ್ ವರದೀನ ಐಪಿಆರ್‌ಎಸ್ ಪ್ರಕಾರ ಮಾಡಿದಾರೆ. ಅಹಮದಾಬಾದ್ ಐಐಎಂನವರು ಮುಂದೆ ನಿಂತು ತಂದ ಪದ್ಧತಿ ಅದು. ಹೊರಗಿನವರಿಂದ ಲೆಕ್ಕ ತಪಾಸಣೆ ಮಾಡಿಸ್ತಾರೆ. ಎಪ್ಪತ್ತೈದನೆಯವರದ್ದು 11 ಲಕ್ಷ.

— ಬೆಂಗಳೂರಿನವರ ವರದೀಲಿ?

— ಅಲ್ಲಿ ಅತಿ ಹೆಚ್ಚು 32 ಲಕ್ಷ, ಸರಾಸರಿ ಏಳೂವರೆ ಅಂತ ಮಾತ್ರ ಇದೆ. ಜೊತೆಗೆ ಕಂಪನಿಗಳ ಲಾಂಛನಗಳು.

— ಬರೆಯದೆ ಬಿಟ್ಟಿದ್ದೂ ಒಂದು ಉತ್ತರ ಅಂತ ನನ್ನ ಅನುಭವ. ಅವರನ್ನೂ ಕೇಳು. ಈಗ ದುಬಾರಿ ಕಡೆಯ ಎಪ್ಪತ್ತೈದನೆಯವಳು ನೀನೇ ಅಂತ ಇಟ್ಕೊಳ್ಳೋಣ. ಕ್ಯಾಟಲ್ಲಿ ಅಷ್ಟು ಅಂಕ ತಗೊಂಡವಳು ಅಲ್ಲಿ ಹೋಗಿ ಹಿಂದೆ ಬೀಳ್ತೀಯ ಅಂತ ನಾನು ಹೇಳ್ತಿಲ್ಲ. ಆದ್ರೆ ಸಾಲದ ಲೆಕ್ಕ ಹಾಕೋದು ಆ ಜಾಗದಲ್ಲಿ ನಿಂತೇ. 11 ಲಕ್ಷದಲ್ಲಿ ವೇರಿಯಬಲ್ ಪೇ, ಪಿಎಫ್ಫು ಎಲ್ಲ ಕಳೆದು ಕೈಗೆ ಬರೋದು ಎಷ್ಟು?

— 70,000 ಬರಬಹುದು.

— 33,000 ಕಂತು ಕಟ್ಟಿ, ಮುಂಬೈಯಲ್ಲೋ ಗುರುಗ್ರಾಮದಲ್ಲೋ ಬಾಡಿಗೆ ಕಟ್ಟಿ, ಮನೆಗೆ ಒಂದಿಷ್ಟು ಕಳಿಸೋಕಾಗುತ್ತಾ?

— ಆಗಲ್ಲ.

— ಕಂತು ಕೈಗೆ ಬರೋ ಸಂಬಳದ ನಾಲ್ಕನೇ ಒಂದು ಭಾಗ ದಾಟಬಾರದು. ಇದು ಯಾವ ಕಾನೂನಲ್ಲೂ ಇಲ್ಲ, ನಾನು ಕಟ್ಟಿಕೊಂಡ ಅಳತೆ. 17,500 ಅಂತಾಯ್ತು. ಅಂದ್ರೆ ಸಾಲ ಹೆಚ್ಚುಕಡಿಮೆ ಹತ್ತೂವರೆ ಲಕ್ಷ. 10 ಅಂತ ಇಟ್ಕೋ. ಆಗ ಕಂತು 16,500ರ ಸುತ್ತ ಬರುತ್ತೆ.

ಮಳೆ ಸ್ವಲ್ಪ ಹೊಳವಾಗಿತ್ತು. ಒಳಗಿನಿಂದ ಕಾಫಿ ಬಂತು. ಅವಳು ಲೋಟ ಹಿಡಿದುಕೊಂಡು ಅಂಗಳ ನೋಡುತ್ತಿದ್ದಳು. ನನಗೆ ಕೇಳಬೇಕಾಗಿದ್ದ ಪ್ರಶ್ನೆ ಬೇರೆ ಇತ್ತು. ಲೆಕ್ಕಕ್ಕಿಂತ ಮುಂಚೆಯೇ ಕೇಳಬೇಕಿತ್ತೇನೋ.

— ಓದು ಮುಗಿಸಿ ಏನು ಮಾಡ್ಬೇಕು ಅಂತಿದೀಯ?

— ನಗಬೇಡಿ.

— ನಗಲ್ಲ.

— ಊರಿಗೆ ಬರಬೇಕು ಅಂತಿದೆ. ತಕ್ಷಣ ಅಲ್ಲ. ಬಂದು ಅಡಿಕೆ ಸಹಕಾರಿ ಸಂಘಗಳಲ್ಲಿ ಕೆಲಸ ಮಾಡ್ಬೇಕು. ಮ್ಯಾಮ್‌ಕೋಸ್ 1939ರಿಂದ ಇದೆ, ಕ್ಯಾಂಪ್ಕೋ ಇದೆ. ಬೆಳೆಗಾರರ ಅಡಿಕೆ ಮಾರೋ ಕೆಲಸ ಇವು ಇಷ್ಟು ವರ್ಷ ಮಾಡ್ಕೊಂಡು ಬಂದಿವೆ. ಆದ್ರೆ ಎರಡೆಕರೆಯವರು ಎಲೆಚುಕ್ಕಿ ಬಂದ ಮೇಲೆ ಏನು ಬೆಳೀಬೇಕು, ಯಾರಿಗೆ ಮಾರಬೇಕು ಅನ್ನೋ ಪ್ರಶ್ನೆಗೆ ಯಾರಾದ್ರೂ ಕೂತು ಉತ್ತರ ಹುಡುಕಬೇಕಲ್ಲ. ಅಪ್ಪಯ್ಯ ಒಬ್ಬರೇ ಹುಡುಕೋಕೆ ಆಗಲ್ಲ.

— ಅದಕ್ಕೆ ಎಂಬಿಎ ಬೇಕಾ? 70ರ ದಶಕದ ಶುರುವಿನಲ್ಲಿ ಅಡಿಕೆ ಬೆಲೆ ನೆಲಕಚ್ಚಿದಾಗ ವಾರಣಾಶಿ ಸುಬ್ರಾಯ ಭಟ್ಟರು ಊರೂರು ತಿರುಗಿ ಬೆಳೆಗಾರರನ್ನ ಸೇರಿಸಿ 1973ರಲ್ಲಿ ಕ್ಯಾಂಪ್ಕೋ ಕಟ್ಟಿದ್ರು. ಅವರು ಬಿಸಿನೆಸ್ ಸ್ಕೂಲಿಗೆ ಹೋಗಿದ್ದು ನಾನಂತೂ ಕೇಳಿಲ್ಲ.

— ಕಟ್ಟೋದು ಒಂದು, ನಡೆಸೋದು ಇನ್ನೊಂದು ಮಾವ. ಅದಕ್ಕೇ ಅಲ್ವಾ ಹಾಲಿನ ಸಹಕಾರಿಗಳ ಕುರಿಯನ್ 1979ರಲ್ಲಿ ಆನಂದ್‌ನಲ್ಲಿ ಇರ್ಮಾ ಅನ್ನೋ ಮ್ಯಾನೇಜ್‌ಮೆಂಟ್ ಸಂಸ್ಥೆ ಶುರು ಮಾಡಿದ್ದು? ಕಂಪನಿಗಳಿಗೆ ಓದಿದ ಮ್ಯಾನೇಜರುಗಳು ಸಿಗ್ತಾರೆ, ರೈತರ ಸಂಘಗಳಿಗೂ ಸಿಗಬೇಕು ಅಂತ. ಕ್ಯಾಂಪ್ಕೋನೇ ನೋಡಿ, 1986ರಲ್ಲಿ ಪುತ್ತೂರಲ್ಲಿ ಚಾಕೊಲೇಟ್ ಕಾರ್ಖಾನೆ ಹಾಕಿದ್ರು. ಅಡಿಕೆ ಮಾರೋದು ತಿಳಿದವರಿಗೆ ಚಾಕೊಲೇಟ್ ಮಾರೋದು ತಾನಾಗೇ ಬರುತ್ತಾ?

ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಅವಳು ಗೆದ್ದಳು ಎಂದು ನನಗೆ ನಿಜವಾಗಿ ಸಂತೋಷವಾಯಿತು. ನನ್ನ ಮುಂದೆ ಅರ್ಜಿ ಹಿಡಿದು ಬಂದ ನೂರಾರು ಮಕ್ಕಳಲ್ಲಿ, ಓದಿ ಏನು ಮಾಡುತ್ತೀ ಎಂದು ಕೇಳಿದಾಗ ಪ್ಯಾಕೇಜಿನ ಅಂಕಿ ಹೇಳದೆ ಕೆಲಸದ ಹೆಸರು ಹೇಳಿದವರು ಬಹಳ ಕಡಿಮೆ.

— ಹಾಗಿದ್ರೆ ಬೆಂಗಳೂರಿನ ಪತ್ರದ ಬೆಲೆ ನಿನಗೆ ಹೆಚ್ಚಾಯ್ತಲ್ಲ. ಸಾಲ ಇಲ್ಲದವಳು ಓದು ಮುಗಿದ ಮಾರನೇ ದಿನ ಊರಿಗೆ ಬರಬಹುದು. 40,000 ಕೊಟ್ರೂ ಸಾಕು ಅನ್ನಬಹುದು.

— ಅದೇ ನನ್ನ ತಲೇಲೂ ಇರೋದು. ಅದರ ಮೇಲೂ ಒಂದು ಅಧ್ಯಯನ ಇದೆ. ಜೆಸ್ಸಿ ರೋತ್‌ಸ್ಟೈನ್, ಸಿಸಿಲಿಯಾ ರೌಸ್ ಅಂತ, 2011ರಲ್ಲಿ. ಅಮೆರಿಕದ ಒಂದು ವಿಶ್ವವಿದ್ಯಾಲಯ ಸಾಲದ ಬದಲು ಅನುದಾನ ಕೊಡೋಕೆ ಶುರು ಮಾಡಿದಾಗ ನೋಡಿದ್ದು. ಸಾಲ ಇದ್ದ ಹುಡುಗರು ಹೆಚ್ಚು ಸಂಬಳದ ಕೆಲಸಕ್ಕೆ ಹೋದ್ರು, ಸಮಾಜಕ್ಕೆ ಬೇಕಾದ ಕಡಿಮೆ ಸಂಬಳದ ಕೆಲಸಕ್ಕೆ ಹೋಗೋರು ಕಡಿಮೆ ಆದ್ರು.

— ಸಾಲನೇ ಕೆಲಸ ಆರಿಸಿತು.

— ಹೌದು. ಆದ್ರೆ ಮಾವ, ಬೆಂಗಳೂರಿನ ಪಠ್ಯಕ್ರಮ ನೋಡಿದೆ. ಕೃಷಿ ಮಾರುಕಟ್ಟೆ ಅನ್ನೋ ಶಬ್ದವೇ ಇಲ್ಲ. ಇನ್ನೊಂದು ಕಡೆ ಸರಕು ಮಾರುಕಟ್ಟೆ ಬಗ್ಗೆಯೇ ಪಾಠ ಮಾಡೋ ಇಬ್ಬರು ಪ್ರಾಧ್ಯಾಪಕರಿದಾರೆ. ಅವರ ಬರಹ ಓದಿದೀನಿ. ಅವರ ತರಗತೀಲಿ ಕೂರಬೇಕು ಅಂತ ಆಸೆ.

— ಇದನ್ನ ಮೊದಲೇ ಹೇಳಬಾರದಿತ್ತಾ? ಬಂದ ಕೂಡಲೇ ಬೆಂಗಳೂರಿಗೇ ಹೋಗ್ತೀನಿ ಅಂದೆ.

— ಹೇಳಿದ್ರೆ ಅಪ್ಪಯ್ಯ ತೋಟ ಅಡ ಇಡ್ತಾರೆ.

— ಅಪ್ಪನ ಕೇಳಿದೀಯಾ?

— ಕೇಳೋದು ಏನು? ನನಗೆ ಗೊತ್ತಲ್ಲ.

— ನನಗೂ ಗೊತ್ತಿತ್ತು. 1981ರಲ್ಲಿ ನನಗೂ ಒಂದು ಕಡೆ ಎಂಬಿಎ ಸೀಟು ಸಿಕ್ಕಿತ್ತು. ಅಪ್ಪ ಎರಡು ಎಮ್ಮೆ ಮಾರ್ತಾರೆ ಅಂತ ಗೊತ್ತಾಗಿ ಪತ್ರ ಹರಿದು ಹಾಕಿ ಬ್ಯಾಂಕಿನ ಗುಮಾಸ್ತೆ ಪರೀಕ್ಷೆ ಬರೆದೆ. ಅಪ್ಪನಿಗೆ ಭಾರ ಇಳಿಸಿದೆ ಅಂದ್ಕೊಂಡಿದ್ದೆ. ಪತ್ರದ ವಿಷಯ ಅವರಿಗೆ ಹೇಗೋ ತಿಳೀತು. ಎರಡು ವರ್ಷ ನನ್ನ ಹತ್ರ ಬಾಯಿ ತುಂಬ ಮಾತಾಡಲಿಲ್ಲ. ಆಮೇಲೆ ಒಂದು ದಿನ, ಎಮ್ಮೆ ನನ್ನದು, ಮಾರೋದು ಬಿಡೋದು ನಾನು ಹೇಳ್ಬೇಕಿತ್ತು ಅಂದ್ರು. ಅಷ್ಟೇ.

ಅವಳು ಏನೂ ಹೇಳಲಿಲ್ಲ. ನಾನು ಎದ್ದು ಒಳಗೆ ಹೋಗಿ ಬೀರುವಿನಿಂದ ಒಂದು ಕಂದು ಕವರು ತಂದೆ.

— ಏನಿದು?

— ಭಾವ ಮೊನ್ನೆ ಬಂದು ಕೊಟ್ಟು ಹೋದ್ರು. ತೋಟದ ಪಹಣಿ, ಮನೆ ಪತ್ರ. ನಿನಗೆ ಹೇಳಬೇಡ ಅಂದಿದ್ರು. ಎಷ್ಟು ಸಾಲ ಸಿಗುತ್ತೆ ವಿಚಾರಿಸು ಅಂತ.

— ನೋಡಿ, ನಾನು ಹೇಳಲಿಲ್ವಾ.

— ಅಳಬೇಡ, ಕೇಳು. ಬ್ಯಾಂಕಿನವನಾಗಿ ಹೇಳ್ತೀನಿ, ಈ ಕವರು ಬೇಕಾಗಲ್ಲ. ಕೃಷಿ ಜಮೀನನ್ನ ಸರ್ಫೇಸಿ ಕಾಯ್ದೇಲಿ ಹರಾಜು ಹಾಕೋಕೆ ಬರಲ್ಲ, ಹಾಗಾಗಿ ಬ್ಯಾಂಕುಗಳಿಗೆ ತೋಟದ ಮೇಲೆ ಅಷ್ಟು ಆಸೆ ಇಲ್ಲ. ಅವು ಕಣ್ಣಿಡೋದು ಮನೆ ಮೇಲೆ. ಸಾಮಾನ್ಯ ಸಂಸ್ಥೆ ಆಗಿದ್ರೆ ಏಳೂವರೆ ಲಕ್ಷ ದಾಟಿದ ಕೂಡಲೇ ಆಸ್ತಿ ಅಡಮಾನ ಕೇಳ್ತಾರೆ. ಆದ್ರೆ ಒಳ್ಳೆ ಸಂಸ್ಥೆಗಳದ್ದೇ ಬೇರೆ ಪಟ್ಟಿ ಬ್ಯಾಂಕುಗಳ ಹತ್ರ ಇರುತ್ತೆ. ಆ ಪಟ್ಟೀಲಿ ಇದ್ರೆ ಅಡಮಾನ ಇಲ್ಲದೇ ಕೊಡ್ತಾರೆ. ಯಾಕೆ ಗೊತ್ತಾ? ಅಲ್ಲಿಂದ ಬಂದವರು ವಾಪಸ್ ಕಟ್ಟಿದಾರೆ ಅಂತ ಪುಸ್ತಕದಲ್ಲಿದೆ. ನಿನ್ನ ಈ ಎರಡು ಪತ್ರಗಳ ಬೆಲೆ ತಿಳೀಬೇಕಂದ್ರೆ ಶಾಖೆಗೆ ಹೋಗಿ, ಎರಡಕ್ಕೂ ಅಡಮಾನ ಇಲ್ಲದೆ ಎಷ್ಟು ಕೊಡ್ತೀರಿ ಅಂತ ಕೇಳು. ಪತ್ರಿಕೆಗಳ ಶ್ರೇಯಾಂಕಕ್ಕಿಂತ ಅದು ನಂಬಿಕಸ್ಥ ಉತ್ತರ. ತನ್ನ ದುಡ್ಡು ಇಟ್ಟು ಹೇಳೋದು ಅದು.

— ದುಬಾರಿಯದ್ದು ಆ ಪಟ್ಟೀಲಿ ಇದೆಯಾ?

— ಇದೆ. ಮೊನ್ನೆಯೇ ಹಳೇ ಸಹೋದ್ಯೋಗಿಗೆ ಫೋನ್ ಮಾಡಿದ್ದೆ. 2024ರ ನವೆಂಬರಲ್ಲಿ ಒಪ್ಪಿಗೆ ಆದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯ ಪಟ್ಟೀಲೂ ಇದೆ. ಮನೆ ಆದಾಯ ವರ್ಷಕ್ಕೆ 8 ಲಕ್ಷದ ಒಳಗಿದ್ದು, ಬೇರೆ ಸರ್ಕಾರಿ ಸ್ಕಾಲರ್‌ಶಿಪ್ ಇಲ್ಲದಿದ್ರೆ, 10 ಲಕ್ಷದವರೆಗಿನ ಸಾಲಕ್ಕೆ ಕಂತು ಶುರುವಾಗೋ ತನಕ ಶೇ 3 ಬಡ್ಡಿ ಸರ್ಕಾರ ಕೊಡುತ್ತೆ. ವರ್ಷಕ್ಕೆ ಇಷ್ಟೇ ಜನಕ್ಕೆ ಅಂತ ಮಿತಿ ಇದೆ, ಬೇಗ ಅರ್ಜಿ ಹಾಕ್ಬೇಕು.

— 10 ಲಕ್ಷ ಸಾಲ ಆಯ್ತು. ಉಳಿದ 10?

— ಎರಡೂವರೆ ಲಕ್ಷ ಮನೆಯಿಂದ. ಅದಕ್ಕೆ ತೋಟ ಇಡಬೇಕಾಗಿಲ್ಲ, ನಿಮ್ಮಪ್ಪ ಎರಡು ವರ್ಷದಲ್ಲಿ ಹೊಂದಿಸ್ತಾರೆ. ಉಳಿದ ಏಳೂವರೆ ಆ ಸಂಸ್ಥೆಯನ್ನೇ ಕೇಳು. ಅರ್ಧ ಬೋಧನಾ ಶುಲ್ಕ ಬಿಡಿ ಅಂತ ಬರಿ.

— ಹಾಗೆ ಕೇಳಬಹುದಾ?

— ದೊಡ್ಡ ಸಂಸ್ಥೆಗಳಲ್ಲಿ ಆದಾಯ ನೋಡಿ ಕೊಡೋ ನೆರವಿನ ನಿಧಿ ಇರುತ್ತೆ. ಕೇಳದೆ ಹೋದವರಿಗೆ ಸಿಗಲ್ಲ. ಬೆಂಗಳೂರಿನವರು ಪೂರ್ತಿ ಮನ್ನಾ ಕೊಟ್ಟಿದಾರೆ ಅನ್ನೋದನ್ನೂ ಬರಿ, ಆ ಪತ್ರದ ಪ್ರತಿ ಜೊತೆಗಿಡು. ತೋಟದ ವಿಸ್ತೀರ್ಣ, ಹೋದ ಮೂರು ವರ್ಷದ ಫಸಲು, ಎಲೆಚುಕ್ಕಿ, ಎಲ್ಲ ಇದ್ದದ್ದು ಇದ್ದ ಹಾಗೆ ಬರಿ. ಕಷ್ಟ ದೊಡ್ಡದು ಮಾಡಿ ಬರೀಬೇಡ, ಸಣ್ಣದು ಮಾಡಿಯೂ ಬರೀಬೇಡ. ಓದಿ ಏನು ಮಾಡ್ಬೇಕು ಅಂತ ಈಗ ನನಗೆ ಹೇಳಿದ್ಯಲ್ಲ, ಅದನ್ನೂ ಸೇರಿಸು.

— ಅವರು ಇಲ್ಲ ಅಂದ್ರೆ?

— ಇಲ್ಲ ಅಂದ್ರೆ ಬೆಂಗಳೂರು. ಆಗ ಅದು ಬೇಸರದ ತೀರ್ಮಾನ ಆಗಬಾರದು. 20 ಲಕ್ಷ ಸಾಲ ಹೊತ್ತು ಆ ಪ್ರಾಧ್ಯಾಪಕರ ಪಾಠ ಕೇಳಿ, ಹತ್ತು ವರ್ಷ ಸಾಬೂನು ಮಾರೋ ಕಂಪನೀಲಿ ಸಿಕ್ಕಿಹಾಕಿಕೊಳ್ಳೋದಕ್ಕಿಂತ, ಸಾಲ ಇಲ್ಲದೆ ಓದಿ, ರಜೆಯಲ್ಲಿ ಮ್ಯಾಮ್‌ಕೋಸಿನಲ್ಲೋ ಕ್ಯಾಂಪ್ಕೋದಲ್ಲೋ ಇಂಟರ್ನ್‌ಶಿಪ್ ಕೇಳ್ಕೊಂಡು ಬರೋದು ನಿನ್ನ ಕೆಲಸಕ್ಕೆ ಹತ್ತಿರ. ಅವರು 3 ಲಕ್ಷ ಮಾತ್ರ ಬಿಡ್ತೀವಿ ಅಂದ್ರೆ ಮತ್ತೆ ಬಾ, ಮತ್ತೆ ಲೆಕ್ಕ ಹಾಕೋಣ. ಬೆಂಗಳೂರಿನವರು ಎಷ್ಟು ದಿನ ಸಮಯ ಕೊಟ್ಟಿದಾರೆ?

— ಇನ್ನು ಹನ್ನೊಂದು ದಿನ.

— ಅವರಿಗೂ ಒಂದು ಪತ್ರ ಬರಿ. ಒಂದು ವಾರ ಹೆಚ್ಚಿಗೆ ಕೊಡಿ ಅಂತ. ನಿನ್ನ ಅಂಕ ಬೇಕಿದ್ದವರು ಕೊಡ್ತಾರೆ.

ಕರೆಂಟ್ ಬಂತು. ದೀಪದ ಬೆಳಕಿನಲ್ಲಿ ನಾವು ಗೀಚಿದ ಕಾಗದ ಬಹಳ ಕೊಳಕಾಗಿ ಕಂಡಿತು. ಅವಳು ಅದನ್ನೇ ಮಡಚಿ ಎರಡು ಪತ್ರಗಳ ನಡುವೆ ಇಟ್ಟುಕೊಂಡಳು.

— ನಾಳೆ ಬೆಳಗ್ಗೆ ನಾಡಕಚೇರಿಗೆ ಹೋಗಿ ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಕೊಡು. ಅಪ್ಪನ ಆಧಾರ್, ರೇಷನ್ ಕಾರ್ಡ್ ತಗೊಂಡು ಹೋಗು. ಅದಿಲ್ಲದೆ ಬ್ಯಾಂಕೂ ಮುಂದೆ ಹೋಗಲ್ಲ, ಸಂಸ್ಥೆಯೂ ಮುಂದೆ ಹೋಗಲ್ಲ.

— ಮಾವ, ಈ ಕವರು?

— ನೀನೇ ತಗೊಂಡು ಹೋಗು. ಅಪ್ಪನ ಕೈಗೆ ಕೊಡು.

— ನನಗೆ ಹೇಳಬೇಡ ಅಂದಿದ್ರು ಅಂದ್ರಿ. ಕೊಟ್ರೆ ಬೈತಾರೆ.

— ನನಗೆ ಬೈಲಿ. ನೀನು ಕೊಟ್ಟು, ಪಕ್ಕದಲ್ಲಿ ಕೂತು, ಲೆಕ್ಕದ ಕಾಗದ ತೋರಿಸು. ಆ ಎರಡೂವರೆ ಲಕ್ಷ ಎಲ್ಲಿಂದ ಅಂತ ಅವರ ಬಾಯಿಂದಲೇ ಬರಲಿ.

ಕವರನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಬ್ಯಾಗಿನ ಒಳಗಿನ ಜೇಬಿನಲ್ಲಿಟ್ಟು ಜಿಪ್ಪು ಎಳೆದಳು. ಕೊನೆಯ ಬಸ್ಸಿಗೆ ಇನ್ನೂ ಇಪ್ಪತ್ತು ನಿಮಿಷವಿತ್ತು. ನಾನು ಟಾರ್ಚ್ ತೆಗೆದುಕೊಂಡು ಅವಳ ಜೊತೆ ರಸ್ತೆಯವರೆಗೆ ಇಳಿದೆ.